ನಾಳೆಗೆ, ನಾಳೆಯಿಂದ

ರಾತ್ರಿ ಅಡುಗೆಮನೆಯ ದೀಪ ಆರಿಸುವ ಮುಂಚೆ ಅಮ್ಮ ಒಂದು ಮಾತು ಕೇಳದೆ ಮಲಗಿದವಳಲ್ಲ: “ನಾಳೆಗೆ ಏನು?” ಕೇಳಿದ ಬೆನ್ನಿಗೇ ಕೈ ಕೆಲಸಕ್ಕೆ ಇಳಿಯುತ್ತಿತ್ತು. ನಾಳೆಗೆ ದೋಸೆ ಎಂದರೆ ಹಿಟ್ಟು ಆಗಲೇ ರುಬ್ಬಿ ಮುಚ್ಚಿಟ್ಟಿರಬೇಕು. ನಾಳೆಗೆ ಉಸಲಿ ಎಂದರೆ ಕಡಲೆ ನೀರಿಗೆ ಬೀಳಬೇಕು. ಏನೂ ಇಲ್ಲವೆಂದರೂ ಹಾಲಿಗೆ ಹೆಪ್ಪು ಹಾಕಬೇಕು.

ಅದೇ ಮನೆಯಲ್ಲಿ ಇನ್ನೊಂದು ನಾಳೆಯೂ ಇತ್ತು, ಅದು ನನ್ನದು. ನಾಳೆಯಿಂದ ವಾಕಿಂಗ್, ನಾಳೆಯಿಂದ ಕಾಫಿಗೆ ಸಕ್ಕರೆ ಬೇಡ, ನಾಳೆಯಿಂದ ಎಂಟು ಗಂಟೆಗೇ ಊಟ. ಹೇಳಿದಾಗಲೆಲ್ಲ ಮನಸ್ಸು ಹಗುರಾಗುತ್ತಿತ್ತು, ಅರ್ಧ ಕೆಲಸ ಆಗಿಯೇ ಹೋದಂತೆ. ಒಂದೇ ಪದ, ಬದಲಾಗಿದ್ದು ಬಾಲಕ್ಕೆ ಅಂಟಿದ ಪ್ರತ್ಯಯ ಮಾತ್ರ. ‘ಗೆ’ ಹತ್ತಿದ ನಾಳೆ ಇವತ್ತಿನ ಕೈಗೆ ಕೆಲಸ ಕೊಡುತ್ತದೆ, ‘ಇಂದ’ ಹತ್ತಿದ ನಾಳೆ ಇವತ್ತಿಗೆ ರಜೆ ಬರೆದುಕೊಡುತ್ತದೆ.

ಹಳಗನ್ನಡದಲ್ಲಿ ‘ನಾಳ್’ ಎಂದರೆ ದಿನ, ಅಷ್ಟೆ. ತಮಿಳರು ಇವತ್ತಿಗೂ ದಿನಕ್ಕೆ ನಾಳ್ ಎನ್ನುತ್ತಾರೆ. ನಮ್ಮ ನಾಳೆ ಹುಟ್ಟಿದ್ದು ಅದರಿಂದ. ಯಾವ ದಿನ ಎಂಬ ಗುರುತು ಅದರ ಬೇರಿನಲ್ಲಿ ಇಲ್ಲ. ‘ಇವತ್ತು’ ಹಾಗಲ್ಲ. ಅದು ‘ಈ ಹೊತ್ತು’ ಸವೆದು ಆದ ಮಾತು. ಹೊತ್ತು ಎಂದರೆ ವೇಳೆ. ಹೊತ್ತು ಎಂದರೆ ಸೂರ್ಯನೂ ಹೌದು. ಹೊತ್ತು ಹುಟ್ಟಿತು, ಹೊತ್ತು ಮುಳುಗಿತು ಎಂದು ಹಳ್ಳಿಯಲ್ಲಿ ಹೇಳುವುದು ಅವನನ್ನೇ. ಹಾಗಾಗಿ ಇವತ್ತು ಎಂದವರು ನೆತ್ತಿಯ ಮೇಲಿರುವ ಈ ಸೂರ್ಯನನ್ನು ಬೊಟ್ಟುಮಾಡಿ ತೋರಿಸಿದಂತೆ. ನನಗೆ ಕನ್ನಡದ ಮೇಲೆ ಪ್ರೀತಿ ಹೆಚ್ಚುವುದು ಇಂಥ ಕಡೆ.

ಈ ಗುರುತಿಲ್ಲದ ನಾಳೆಯನ್ನು ನಮ್ಮವರು ಬಾಗಿಲು ಕಾಯುವುದಕ್ಕೂ ಇಟ್ಟುಕೊಂಡಿದ್ದರು. 1990ರ ದಶಕದಲ್ಲಿ ಊರೂರ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಬಂದು ಗುರುತಿನವರ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ಹಿಂತಿರುಗುತ್ತದೆ, ಮಾರನೆಯ ರಾತ್ರಿ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ನಂಬಿಕೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿನ ‘ಇಂದು ನಗದು, ನಾಳೆ ಉದ್ರಿ’ ಬೋರ್ಡಿಗೂ ಇದೇ ಶಕ್ತಿ. ಸರ್ಕಾರಿ ಕಚೇರಿಗಳಲ್ಲಿ ಈ ಮಾತು ಎಷ್ಟು ಬೇರೂರಿತ್ತೆಂದರೆ, 2011ರ ಕಾಯ್ದೆಯಿಂದ ಬಂದ ‘ಸಕಾಲ’ ಯೋಜನೆಯ ಘೋಷಣೆಯಲ್ಲಿ ‘ಇಂದು, ನಾಳೆ ಇನ್ನಿಲ್ಲ’ ಎಂದೇ ಬರೆಯಬೇಕಾಯಿತು.

ಆದರೆ ‘ನಾಳೆ ಬಾ’ ಎಂದಾಗ ನನಗೆ ಮೊದಲು ನೆನಪಾಗುವುದು ದೆವ್ವವಲ್ಲ, ಪುರಂದರದಾಸರ ಪೂರ್ವಾಶ್ರಮದ ಕಥೆ. ಆಗ ಅವರು ಶ್ರೀನಿವಾಸ ನಾಯಕ, ಒಡವೆ ವ್ಯಾಪಾರದ ಸಿರಿವಂತ. ಮಗನ ಉಪನಯನಕ್ಕೆ ಹಣ ಬೇಡಿ ಬಂದ ಬಡ ಬ್ರಾಹ್ಮಣನಿಗೆ ನಾಯಕ ನಾಳೆ ಬಾ ಅನ್ನುತ್ತಾನೆ. ಆತ ಬರುತ್ತಾನೆ. ಮತ್ತೆ ನಾಳೆ. ಹೀಗೇ ತಿಂಗಳುಗಟ್ಟಲೆ. ಕೊನೆಗೆ ಆತ ನಾಯಕನ ಹೆಂಡತಿ ಸರಸ್ವತಿಬಾಯಿಯ ಮುಂದೆ ನಿಲ್ಲುತ್ತಾನೆ. ಆಕೆಯ ಕೈಯಲ್ಲಿ ಹಣವಿಲ್ಲ, ತಿಜೋರಿಯ ಕೀಲಿಯಿಲ್ಲ. ಇದ್ದದ್ದು ಮೂಗಿನ ಮೇಲಿನ ಮೂಗುತಿ. ಬಿಚ್ಚಿ ಕೊಟ್ಟುಬಿಡುತ್ತಾಳೆ.

ಮುಂದಿನ ಪವಾಡ ಎಲ್ಲರಿಗೂ ಗೊತ್ತು. ಹರಿಕಥೆಯಲ್ಲಿ ಜನ ಕೈಮುಗಿಯುವುದು ಅಲ್ಲಿ. ನಾನು ಮಾತ್ರ ಮೂಗುತಿಯ ತಿರುಪು ಬಿಚ್ಚುವ ಆ ಗಳಿಗೆಯಲ್ಲೇ ನಿಂತುಬಿಡುತ್ತೇನೆ. ಕೊಡುವುದಕ್ಕೆ ಏನಾದರೂ ಒದಗಿದ ಮೇಲೆ ಕೊಡೋಣ ಎಂದು ಆಕೆ ಕಾಯಲಿಲ್ಲ. ನಾಯಕನಿಗಾದರೋ ಕೊಡಲು ಎಲ್ಲವೂ ಇತ್ತು, ಆ ದಿನವೊಂದನ್ನು ಬಿಟ್ಟು.

ಕಳೆದ ವರ್ಷ ನನಗೆ ಮೂರು ತಿಂಗಳ ಸಕ್ಕರೆ ನೋಡುವ ಪರೀಕ್ಷೆ ಮಾಡಿಸಿದರು. ಎಚ್‌ಬಿಎ1ಸಿ ಎಂದು ಅದರ ಹೆಸರು. ಚೀಟಿಯಲ್ಲಿ 6.2 ಎಂದಿತ್ತು. 5.7ರಿಂದ 6.4ರವರೆಗೆ ಮಧುಮೇಹದ ಹೊಸ್ತಿಲು, 6.5 ಆದರೆ ಒಳಗೆ ಕಾಲಿಟ್ಟಂತೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ರಕ್ತದಲ್ಲಿ ಓಡಾಡುವ ಸಕ್ಕರೆ ಅದರೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತಾ ಹೋಗುತ್ತದೆ, ಪರೀಕ್ಷೆ ಆ ಅಂಟನ್ನು ಅಳೆಯುತ್ತದೆ ಎಂದು ವೈದ್ಯರು ಬಿಡಿಸಿ ಹೇಳಿದರು. ಹಿಂದಿನ ದಿನ ಉಪವಾಸವಿದ್ದು ಹೋದರೂ ಇದು ಮೋಸಹೋಗುವುದಿಲ್ಲ. ಮೂರು ತಿಂಗಳಲ್ಲಿ ನಾನು ಹೇಳಿದ ಒಂದೊಂದು ‘ನಾಳೆಯಿಂದ’ವನ್ನೂ ನನ್ನ ನೆತ್ತರು ಇವತ್ತು ಎಂದೇ ಬರೆದಿಟ್ಟುಕೊಂಡಿತ್ತು. ಹೆದರಿಕೆಗಿಂತ ಹೆಚ್ಚಾಗಿ ದುಃಖವಾಯಿತು.

ಮನೆಗೆ ಬಂದು ಹೇಳಿದೆ. ಅಮ್ಮನಿಗೆ ಸಂಖ್ಯೆ ತಿಳಿಯಲಿಲ್ಲ, ಮುಖ ತಿಳಿಯಿತು. “ಸರಿ, ನಾಳೆಗೆ ಏನು?” ಎಂದಳು. ತಿಂಡಿಯ ಮಾತೆಂದುಕೊಂಡೆ. “ತಿಂಡಿ ಅಲ್ಲ ಕಣೋ. ಬೆಳಿಗ್ಗೆ ನಡೆಯೋಕೆ ಹೋಗ್ತೀನಿ ಅಂತೀಯಲ್ಲ, ಬೂಟು ಎಲ್ಲಿದೆ?”

ಬೂಟು ಅಟ್ಟದ ಮೇಲಿತ್ತು. ಇಳಿಸಿ, ದೂಳು ಕೊಡವಿ, ಒಂದರ ಹರಿದ ಲೇಸು ಕಿತ್ತು ಹಳೆಯ ಜೋಡಿಯದನ್ನು ಪೋಣಿಸಿದೆ. ಬಾಗಿಲ ಪಕ್ಕ ಇಡಲು ಹೋದವನು ಅಲ್ಲೇ ಕೂತು ಕಾಲಿಗೆ ಹಾಕಿಕೊಂಡೆ. ಹೊರಗೆ ಹೊತ್ತು ಇನ್ನೂ ಮುಳುಗಿರಲಿಲ್ಲ.