ಯುದ್ಧಕಾಲದ ನಾಯಕತ್ವ ಮತ್ತು ಬೀದಿಯ ತೀರ್ಪು: ಇಸ್ರೇಲಿನ ಮೂರು ತನಿಖಾ ವರದಿಗಳನ್ನು ಮುಂದಿಟ್ಟುಕೊಂಡು

ಯುದ್ಧದಲ್ಲಾದ ವೈಫಲ್ಯವನ್ನು ತನಿಖೆ ಮಾಡಲು ಇಸ್ರೇಲಿನಲ್ಲಿ ನೇಮಕಗೊಂಡ ಎರಡು ಮಂಡಳಿಗಳು 33 ವರ್ಷಗಳ ಅಂತರದಲ್ಲಿ ಒಂದೊಂದು ಮಧ್ಯಂತರ ವರದಿ ಕೊಟ್ಟವು. 1974ರ ಏಪ್ರಿಲ್ ಆರಂಭದಲ್ಲಿ ಹೊರಬಂದ ಅಗ್ರನಾತ್ ಆಯೋಗದ ವರದಿ ಪ್ರಧಾನಿ ಗೋಲ್ಡಾ ಮೆಯಿರ್ ಅವರ ಮೇಲೆ ನೇರ ಹೊಣೆ ಹೊರಿಸಲಿಲ್ಲ. ಆದರೂ ಅವರು ಸುಮಾರು ಹತ್ತು ದಿನಗಳಲ್ಲಿ ರಾಜೀನಾಮೆ ಕೊಟ್ಟರು. 2007ರ ಏಪ್ರಿಲ್ 30ರಂದು ಬಂದ ವಿನೊಗ್ರಾದ್ ವರದಿ ಪ್ರಧಾನಿ ಎಹುದ್ ಓಲ್ಮರ್ಟ್ ಅವರ ನಿರ್ಧಾರಗಳನ್ನು ಕಟುವಾಗಿ ಖಂಡಿಸಿತು. ಅವರು ಅದಾದ ಮೇಲೂ ವರ್ಷಕ್ಕಿಂತ ಹೆಚ್ಚು ಕಾಲ ಅಧಿಕಾರದಲ್ಲಿದ್ದರು, ಕೊನೆಗೆ ನಿರ್ಗಮಿಸಿದ್ದು ಭ್ರಷ್ಟಾಚಾರದ ತನಿಖೆಗಳ ಕಾರಣದಿಂದ. ಎರಡೂ ಸಲ ಬೀದಿಯಲ್ಲಿ ಜನರಿದ್ದರು. ಎರಡೂ ಸಲ ಪ್ರತಿಭಟನೆಗೆ ಮುಂದಾದವರಲ್ಲಿ ರಣರಂಗದಿಂದ ಮರಳಿದ ಮೀಸಲು ಯೋಧರೂ ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರೂ ಇದ್ದರು. ಹಾಗಿರುವಾಗ ವರದಿ ದೋಷಿಯೆನ್ನದ ನಾಯಕಿ ಕುರ್ಚಿ ಬಿಟ್ಟಿದ್ದೇಕೆ, ವರದಿಯೇ ದೂಷಿಸಿದ ನಾಯಕ ಉಳಿದದ್ದು ಹೇಗೆ? ಈ ಪ್ರಶ್ನೆಯನ್ನು ಹಿಡಿದು ನಾನು ಇಲ್ಲಿ ಮಂಡಿಸುವ ವಾದ ಹೀಗಿದೆ. ಸೋಲಿನ ಹೊಣೆಯನ್ನು ಸೇನಾಧಿಕಾರಿಗಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಆಳುವವರ ಪ್ರಯತ್ನವನ್ನು ಸಾರ್ವಜನಿಕ ಪ್ರತಿಭಟನೆ ಕೆಡಿಸಬಲ್ಲದು. ಆ ಹೊಣೆಗೆ ನಾಯಕ ಅಧಿಕಾರದ ಬೆಲೆ ತೆರಬೇಕೇ ಎಂಬುದು ಮಾತ್ರ, ಅಧಿಕಾರ ಕಳೆದುಕೊಳ್ಳದೆ ನಾಯಕನನ್ನು ಬದಲಿಸುವ ದಾರಿ ಆಳುವ ಪಕ್ಷದ ಮುಂದೆ ಇದೆಯೇ ಎಂಬುದರ ಮೇಲೆ ನಿಂತಿದೆ.

1973ರ ಅಕ್ಟೋಬರ್ 6ರಂದು, ಯೋಮ್ ಕಿಪ್ಪುರ್ ಉಪವಾಸದ ದಿನ, ಈಜಿಪ್ಟಿನ ಸೇನೆ ಸೂಯೆಜ್ ಕಾಲುವೆಯನ್ನು ದಾಟಿತು, ಸಿರಿಯಾದ ಸೇನೆ ಗೋಲನ್ ಎತ್ತರ ಪ್ರದೇಶಕ್ಕೆ ನುಗ್ಗಿತು. ಮೂರು ವಾರಗಳೊಳಗೆ ಯುದ್ಧದ ಗತಿ ಇಸ್ರೇಲಿನ ಕಡೆಗೆ ತಿರುಗಿತಾದರೂ ಅಷ್ಟರಲ್ಲಿ ಅದು 2,600ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತ್ತು. ಆಗ ದೇಶದ ಜನಸಂಖ್ಯೆ ಸುಮಾರು 33 ಲಕ್ಷ. ಸಾವು ತಟ್ಟದ ಕೇರಿಯೇ ಇರಲಿಲ್ಲವೆನ್ನಬಹುದಾದ ಆ ಸ್ಥಿತಿಯಲ್ಲೂ, ಯುದ್ಧದಿಂದಾಗಿ ಮುಂದೂಡಲ್ಪಟ್ಟು ಡಿಸೆಂಬರ್ 31ರಂದು ನಡೆದ ಚುನಾವಣೆಯಲ್ಲಿ ಗೋಲ್ಡಾ ಅವರ ಲೇಬರ್ ಕೂಟ ಸೋಲಲಿಲ್ಲ ಎಂಬುದನ್ನು ನಾವು ಗಮನದಲ್ಲಿಡಬೇಕು. ಅದರ ಸ್ಥಾನಗಳು 56ರಿಂದ 51ಕ್ಕೆ ಇಳಿದವು, ಮೆನಾಕೆಮ್ ಬೆಗಿನ್ ನೇತೃತ್ವದ ವಿರೋಧಿ ಕೂಟ ಲಿಕುದ್ 39ಕ್ಕೆ ಏರಿತು, ಅಷ್ಟೆ. ಮತದಾರ ಇಳಿಸದ ಪ್ರಧಾನಿಯನ್ನು ನೂರು ದಿನಗಳ ತರುವಾಯ ಇಳಿಸಿದ ಶಕ್ತಿ ಯಾವುದೆಂದು ಕೇಳಿದರೆ, ಉತ್ತರವನ್ನು 1974ರ ಫೆಬ್ರವರಿಯಿಂದ ಹುಡುಕಬೇಕಾಗುತ್ತದೆ. ಆ ತಿಂಗಳು ಮೋತಿ ಅಷ್ಕೆನಾಜಿ ಎಂಬ ಮೀಸಲು ಪಡೆಯ ಕ್ಯಾಪ್ಟನ್ ಜೆರುಸಲೇಮಿನ ಪ್ರಧಾನಿ ಕಚೇರಿಯ ಎದುರು ಒಬ್ಬನೇ ಧರಣಿ ಕುಳಿತ. ಕಾಲುವೆಯುದ್ದಕ್ಕೂ ಕಟ್ಟಿದ್ದ ಬಾರ್ ಲೆವ್ ರಕ್ಷಣಾ ಸಾಲಿನ ಉತ್ತರ ತುದಿಯಲ್ಲಿದ್ದ, ‘ಬುಡಾಪೆಸ್ಟ್’ ಎಂಬ ಸಂಕೇತನಾಮದ ಠಾಣೆಗೆ ಆತ ಮುಖ್ಯಸ್ಥನಾಗಿದ್ದ. ಆ ಸಾಲಿನಲ್ಲಿ ಶತ್ರುವಿನ ಕೈಗೆ ಬೀಳದೆ ಉಳಿದದ್ದು ಅದೊಂದೇ. ರಕ್ಷಣಾ ಸಚಿವ ಮೋಶೆ ದಯಾನ್ ರಾಜೀನಾಮೆ ಕೊಡಬೇಕೆಂಬುದು ಅವನ ಬೇಡಿಕೆ. ಸೇನೆಯಿಂದ ಬಿಡುಗಡೆಯಾಗಿ ಮನೆಗೆ ಮರಳುತ್ತಿದ್ದ ಯೋಧರು ಒಬ್ಬೊಬ್ಬರಾಗಿ ಅವನ ಜತೆ ಸೇರಿದರು, ವಾರಗಳೊಳಗೆ ಆ ಸಂಖ್ಯೆ ಸಾವಿರಗಳಿಗೆ ಮುಟ್ಟಿತು. ಸಂಖ್ಯೆಯ ದೃಷ್ಟಿಯಿಂದ ಇದು ದೊಡ್ಡ ಚಳವಳಿಯಲ್ಲ. ಅದಕ್ಕಿದ್ದ ಬಲ ಬೇರೆಯದು. ಯುದ್ಧಕಾಲದಲ್ಲಿ ಸರ್ಕಾರವನ್ನು ಟೀಕಿಸುವವರ ಬಾಯಿ ಮುಚ್ಚಿಸಲು ಎಲ್ಲ ದೇಶಗಳಲ್ಲೂ ಬಳಕೆಯಾಗುವ ಅಸ್ತ್ರ ದೇಶನಿಷ್ಠೆಯ ಪ್ರಶ್ನೆ. ಠಾಣೆ ಬಿಟ್ಟುಕೊಡದ ಅಧಿಕಾರಿಯ ಮುಂದೆ ಆ ಅಸ್ತ್ರ ಕೆಲಸಕ್ಕೆ ಬಾರದಾಯಿತು.

ಏಪ್ರಿಲಿನಲ್ಲಿ ವರದಿ ಬಂದಾಗ ಈ ಬಲ ಹೇಗೆ ಕೆಲಸ ಮಾಡಿತೆಂಬುದು ನಿಚ್ಚಳವಾಗುತ್ತದೆ. ಸರ್ವೋಚ್ಚ ನ್ಯಾಯಾಲಯದ ಅಧ್ಯಕ್ಷ ಶಿಮೊನ್ ಅಗ್ರನಾತ್ ನೇತೃತ್ವದ ಐವರ ಆಯೋಗ ಸೇನಾ ಮುಖ್ಯಸ್ಥ ಡೇವಿಡ್ ಎಲಾಜರ್, ಸೇನಾ ಗುಪ್ತಚರ ಮುಖ್ಯಸ್ಥ ಎಲಿ ಜೈರಾ, ದಕ್ಷಿಣ ವಲಯದ ದಂಡನಾಯಕ ಶ್ಮುಯೆಲ್ ಗೊನೆನ್ ಇವರ ತಲೆದಂಡ ಕೇಳಿತು. ಪ್ರಧಾನಿ ಹಾಗೂ ರಕ್ಷಣಾ ಸಚಿವರ ವಿಷಯಕ್ಕೆ ಬಂದಾಗ, ಅವರು ಸೇನೆಯ ಸಲಹೆಯನ್ನು ನಂಬಿ ನಡೆದರೆಂಬ ನೆಲೆಯಲ್ಲಿ ಬಿಟ್ಟುಕೊಟ್ಟಿತು. ಇಂಥ ವರದಿಯಿಂದ ಪ್ರಕರಣ ಮುಗಿಯಬೇಕಿತ್ತು. ಆದದ್ದು ತದ್ವಿರುದ್ಧ: ಸಮವಸ್ತ್ರದವರಿಗೆ ಶಿಕ್ಷೆ, ಸಚಿವರಿಗೆ ರಕ್ಷೆ ಎಂಬ ಈ ಹಂಚಿಕೆಯನ್ನೇ ಜನ ಅನ್ಯಾಯವೆಂದು ಕಂಡರು. ಎರಡು ತಿಂಗಳಿನಿಂದ ಬೀದಿಯಲ್ಲಿ ಕೇಳಿಬರುತ್ತಿದ್ದದ್ದು ದಯಾನರ ಹೆಸರು. ವರದಿಯ ತೀರ್ಪು ಆ ಹೆಸರನ್ನು ಮುಟ್ಟಲಿಲ್ಲ. ಒಕ್ಕೂಟದ ರೂಪದಲ್ಲಿದ್ದ ಲೇಬರ್ ಪಕ್ಷದೊಳಗೆ ಇದು ಬಿರುಕು ಹುಟ್ಟಿಸಿತು. ದಯಾನರನ್ನು ಕೈಬಿಟ್ಟರೆ ಅವರ ಗುಂಪು ಹೊರನಡೆಯುವ ಭಯ, ಉಳಿಸಿಕೊಂಡರೆ ಮಿಕ್ಕವರ ಸಿಟ್ಟು. ಇಸ್ರೇಲಿನ ವ್ಯವಸ್ಥೆಯಲ್ಲಿ ಪ್ರಧಾನಿಯ ರಾಜೀನಾಮೆಯೆಂದರೆ ಇಡೀ ಸಂಪುಟದ ರಾಜೀನಾಮೆ. ಏಪ್ರಿಲ್ 11ರಂದು ಗೋಲ್ಡಾ ರಾಜೀನಾಮೆ ಸಲ್ಲಿಸಿದಾಗ, ಯಾರನ್ನೂ ವಜಾ ಮಾಡದೆಯೇ ದಯಾನರ ಪ್ರಶ್ನೆಯೂ ಬಗೆಹರಿಯಿತು. ಮುಂದಿನ ಹೆಜ್ಜೆ ಇನ್ನೂ ಮುಖ್ಯವಾದದ್ದು. ಪಕ್ಷದ ಕೇಂದ್ರ ಸಮಿತಿ ಏಪ್ರಿಲ್ 22ರಂದು ಶಿಮೊನ್ ಪೆರೆಸ್ ವಿರುದ್ಧ 298–254 ಮತಗಳಿಂದ ಯಿಟ್ಜಾಕ್ ರಬಿನ್ ಅವರನ್ನು ಆರಿಸಿತು. ಯುದ್ಧಕ್ಕೆ ಮುನ್ನಿನ ವರ್ಷಗಳನ್ನು ವಾಷಿಂಗ್ಟನ್ನಿನಲ್ಲಿ ರಾಯಭಾರಿಯಾಗಿ ಕಳೆದಿದ್ದ ರಬಿನ್ ಅವರಿಗೆ ಆ ವೈಫಲ್ಯದ ಕಳಂಕ ಅಂಟಿರಲಿಲ್ಲ. ಚುನಾವಣೆ ಎದುರಿಸದೆ, ಸರ್ಕಾರ ಕಳೆದುಕೊಳ್ಳದೆ ಪಕ್ಷ ತನ್ನ ಮುಖವನ್ನು ಬದಲಿಸಿಕೊಂಡಿತು. ಇಂಥ ಉತ್ತರಾಧಿಕಾರಿ ಕೈಗೆಟುಕುವಂತೆ ಇಲ್ಲದಿದ್ದರೆ ಬೀದಿಯ ಆಕ್ರೋಶ ಇಷ್ಟು ಬೇಗ ಫಲ ಕೊಡುತ್ತಿರಲಿಲ್ಲ ಎಂಬುದು ನನ್ನ ನಿಲುವು.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಗೋಲ್ಡಾ ಅವರ ವಯಸ್ಸು, ಆರೋಗ್ಯಗಳನ್ನು ಕುರಿತದ್ದು. ಆಗ ಅವರಿಗೆ 75 ವರ್ಷ, ಕ್ಯಾನ್ಸರ್ ಇತ್ತು, ದಣಿದಿದ್ದರು. ಆದ್ದರಿಂದ ಅವರು ತಾವಾಗಿ ಬಿಟ್ಟುಹೋದರೇ ಹೊರತು ಪ್ರತಿಭಟನೆಗೆ ಮಣಿಯಲಿಲ್ಲ ಎಂಬ ಓದು ಸಾಧ್ಯ. ಆದರೆ ಮಾರ್ಚ್ ತಿಂಗಳ ಘಟನಾವಳಿ ಈ ಓದನ್ನು ಬೆಂಬಲಿಸುವುದಿಲ್ಲ. ಸಂಪುಟ ಸೇರಲು ದಯಾನ್ ಒಪ್ಪದಿದ್ದಾಗ, ಸರ್ಕಾರ ರಚಿಸುವ ಹೊಣೆ ತನಗೆ ಬೇಡವೆಂದು ಮಾರ್ಚ್ ಆರಂಭದಲ್ಲಿ ಗೋಲ್ಡಾ ಪಕ್ಷಕ್ಕೆ ತಿಳಿಸಿದ್ದರು. ಸಿರಿಯಾ ಗಡಿಯಲ್ಲಿ ಉದ್ವಿಗ್ನತೆ ಹೆಚ್ಚಿದೆಯೆಂಬ ಮಾಹಿತಿ ಬಂದೊಡನೆ ದಯಾನ್ ಮನಸ್ಸು ಬದಲಿಸಿದರು, ಗೋಲ್ಡಾ ಕೂಡ ಹಿಂದಿರುಗಿ ಮಾರ್ಚ್ 10ರಂದು ಸರ್ಕಾರ ರಚಿಸಿದರು. ವಯಸ್ಸೂ ಕಾಯಿಲೆಯೂ ಮಾರ್ಚಿನಲ್ಲಿ ಎಷ್ಟಿದ್ದವೋ ಏಪ್ರಿಲಿನಲ್ಲೂ ಅಷ್ಟೇ ಇದ್ದವು. ನಡುವೆ ಬದಲಾದದ್ದು, ಆಯೋಗ ಹೊಣೆಯನ್ನು ಹಂಚಿದ ರೀತಿಯನ್ನು ಜನ ಒಪ್ಪದೆ ಹೋದದ್ದು, ಮತ್ತು ಯುದ್ಧಭೀತಿಯ ಕಾರಣ ಕೊಟ್ಟು ಭಿನ್ನಮತವನ್ನು ಇನ್ನೊಮ್ಮೆ ಅಡಗಿಸಲು ಪಕ್ಷಕ್ಕೆ ಸಾಧ್ಯವಾಗದೆ ಹೋದದ್ದು. ಮಾರ್ಚಿನಲ್ಲಿ ಗಡಿಯ ಸುದ್ದಿ ಸರ್ಕಾರವನ್ನು ಉಳಿಸಿತೆಂಬುದನ್ನೂ ಮರೆಯುವಂತಿಲ್ಲ. ಗುಂಡಿನ ಸದ್ದು ಹತ್ತಿರವಿದ್ದಷ್ಟೂ ನಾಯಕನ ಸ್ಥಾನ ಭದ್ರ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಸಿಗುವುದು ಅಪರೂಪ.

2006ರ ಜುಲೈ–ಆಗಸ್ಟ್‌ನ 34 ದಿನಗಳ ಲೆಬನಾನ್ ಯುದ್ಧದ ನಂತರ ಇದೇ ಕಥೆ ಪುನರಾವರ್ತನೆಯಾಗುವಂತೆ ಕಂಡಿತು. ಸುಮಾರು 120 ಇಸ್ರೇಲಿ ಸೈನಿಕರು ಸತ್ತಿದ್ದರು, ಲೆಬನಾನಿನಲ್ಲಿ ಸತ್ತವರು ಸಾವಿರಕ್ಕೂ ಮಿಕ್ಕಿದ್ದರು. ಮೀಸಲು ಯೋಧರು ಜೆರುಸಲೇಮಿನಲ್ಲಿ ಡೇರೆ ಹಾಕಿದರು. ಓಲ್ಮರ್ಟ್ 1974ರಿಂದ ಪಾಠ ಕಲಿತಿದ್ದರೆಂದೇ ತೋರುತ್ತದೆ: ಸರ್ವೋಚ್ಚ ನ್ಯಾಯಾಲಯದ ಅಧ್ಯಕ್ಷರು ಸದಸ್ಯರನ್ನು ನೇಮಿಸುವ ಸ್ವತಂತ್ರ ಆಯೋಗವನ್ನು ಒಪ್ಪದೆ, ಸರ್ಕಾರವೇ ನೇಮಿಸುವ ತನಿಖಾ ಮಂಡಳಿಯನ್ನು ರಚಿಸಿದರು. ಆ ಮಂಡಳಿಯೂ ಅವರನ್ನು ಬಿಡಲಿಲ್ಲ. ವರದಿ ಬಂದ ಮೂರನೆಯ ದಿನ, 2007ರ ಮೇ 3ರಂದು, ಟೆಲ್ ಅವೀವಿನ ರಬಿನ್ ಚೌಕದಲ್ಲಿ ಸುಮಾರು ಲಕ್ಷ ಜನ ಸೇರಿ ರಾಜೀನಾಮೆ ಕೇಳಿದರು. ಹಿಂದಿನ ದಿನವಷ್ಟೇ ವಿದೇಶಾಂಗ ಸಚಿವೆ ಜಿಪಿ ಲಿವ್ನಿ, ಪ್ರಧಾನಿ ಹುದ್ದೆ ಬಿಡುವುದೇ ಸರಿ ಎಂದು ಬಹಿರಂಗವಾಗಿ ಹೇಳಿದ್ದರು. ಆದರೆ ತಾವು ಸಂಪುಟದಿಂದ ಹೊರಬರಲಿಲ್ಲ. ಕಾರಣ ಗಣಿತದಲ್ಲಿದೆ. ಓಲ್ಮರ್ಟ್ ಅವರ ಕದಿಮಾ ಪಕ್ಷದ 29 ಸ್ಥಾನಗಳ ಸುತ್ತ ಕಟ್ಟಿದ ಕೂಟಕ್ಕೆ 120 ಸದಸ್ಯರ ಸಂಸತ್ತಾದ ಕ್ನೆಸೆಟ್‌ನಲ್ಲಿ 78ರ ಬಲವಿತ್ತು. ಅದು ಕುಸಿದು ಚುನಾವಣೆ ಬಂದರೆ ಲಾಭ ನೆತನ್ಯಾಹು ಅವರ ಲಿಕುದ್‌ಗೆ ಎಂಬುದು ಕೂಟದ ಎಲ್ಲರಿಗೂ ತಿಳಿದಿತ್ತು. ಕದಿಮಾ ಹುಟ್ಟಿ ಎರಡು ವರ್ಷವೂ ಆಗಿರಲಿಲ್ಲ. ನಾಯಕನನ್ನು ಇಳಿಸಿ ಒಡೆಯದೆ ಉಳಿಯುವ ಭರವಸೆ ಅದಕ್ಕೇ ಇರಲಿಲ್ಲ. ಸೇನಾ ಮುಖ್ಯಸ್ಥ ದಾನ್ ಹಲುಟ್ಸ್ ಜನವರಿಯಲ್ಲೇ ರಾಜೀನಾಮೆ ಕೊಟ್ಟಿದ್ದರು, ರಕ್ಷಣಾ ಸಚಿವ ಅಮಿರ್ ಪೆರೆಟ್ಸ್ ತಮ್ಮ ಲೇಬರ್ ಪಕ್ಷದ ಆಂತರಿಕ ಚುನಾವಣೆಯಲ್ಲಿ ಸೋತು ಹುದ್ದೆ ಬಿಟ್ಟರು. ಪೆರೆಟ್ಸ್ ಅವರ ಸೋಲು ನನ್ನ ವಾದಕ್ಕೆ ನೇರ ಪುಷ್ಟಿ ಕೊಡುತ್ತದೆ: ನಾಯಕನನ್ನು ಬದಲಿಸಿಯೂ ಕೂಟದಲ್ಲಿ ಉಳಿಯುವ ಅನುಕೂಲ ಲೇಬರ್‌ಗೆ ಇತ್ತು, ಕದಿಮಾಗೆ ಇರಲಿಲ್ಲ.

ಸಂಖ್ಯೆಯೇ ನಿರ್ಣಾಯಕವಾಗಿದ್ದರೆ 1982ರ ಸೆಪ್ಟೆಂಬರ್ 25ರಂದು ಆಗ ಪ್ರಧಾನಿಯಾಗಿದ್ದ ಬೆಗಿನ್ ಬೀಳಬೇಕಿತ್ತು. ಬೈರೂತಿನ ಸಬ್ರಾ ಮತ್ತು ಶತೀಲಾ ಶಿಬಿರಗಳಲ್ಲಿ, ಇಸ್ರೇಲಿ ಸೇನೆ ಸುತ್ತುವರಿದಿದ್ದಾಗಲೇ, ಲೆಬನಾನಿನ ಫಲಾಂಜ್ ಪಡೆ ಪ್ಯಾಲೆಸ್ತೀನಿ ನಿರಾಶ್ರಿತರನ್ನು ನೂರಾರು ಸಂಖ್ಯೆಯಲ್ಲಿ ಕೊಂದ ಸುದ್ದಿಗೆ ಟೆಲ್ ಅವೀವಿನಲ್ಲಿ ನೆರೆದ ಜನ ನಾಲ್ಕು ಲಕ್ಷವೆಂದು ಸಂಘಟಕರು ಹೇಳಿದರು. ಆ ಲೆಕ್ಕ ಹಿಗ್ಗಿದ್ದೆಂದು ವಾದಿಸುವವರಿದ್ದಾರೆ. ಅರ್ಧಕ್ಕಿಳಿಸಿದರೂ ಅದು 1974ರ ಚಳವಳಿಗಿಂತ ಎಷ್ಟೋ ಪಾಲು ದೊಡ್ಡದು. ರಾಷ್ಟ್ರಾಧ್ಯಕ್ಷ ಯಿಟ್ಜಾಕ್ ನಾವೊನ್ ತನಿಖೆಗೆ ಒತ್ತಾಯಿಸಿದರು, ಸಚಿವರೊಬ್ಬರು ರಾಜೀನಾಮೆ ಕೊಟ್ಟರು. ಮೊದಲು ತನಿಖೆಯೇ ಬೇಡವೆಂದಿದ್ದ ಬೆಗಿನ್ ಸಂಪುಟ ಮೂರೇ ದಿನಗಳಲ್ಲಿ ಕಹಾನ್ ಆಯೋಗಕ್ಕೆ ಒಪ್ಪಿತು. ಇದು ಬೀದಿಯ ನಿಜವಾದ ಗೆಲುವು. 1983ರ ಫೆಬ್ರವರಿಯಲ್ಲಿ ಬಂದ ವರದಿಯ ಫಲವಾಗಿ ಏರಿಯೆಲ್ ಶರೋನ್ ರಕ್ಷಣಾ ಖಾತೆ ಕಳೆದುಕೊಂಡರು, ಖಾತೆಯಿಲ್ಲದ ಸಚಿವರಾಗಿ ಸಂಪುಟದಲ್ಲೇ ಉಳಿದರು. ಬೆಗಿನ್ ಅವರ ನಿರಾಸಕ್ತಿಯನ್ನು ಆಯೋಗ ಟೀಕಿಸಿತಾದರೂ ಅವರ ಪಕ್ಷವಾಗಲಿ ಅವರಿಗೆ ಮತ ಹಾಕಿದವರಾಗಲಿ ಕದಲಲಿಲ್ಲ. ಚೌಕದಲ್ಲಿ ಸೇರಿದ್ದವರಲ್ಲಿ ಬಹುಪಾಲು ಮೊದಲಿನಿಂದಲೂ ಅವರ ವಿರೋಧಿಗಳು. ಆ ವರ್ಷ ಆಗಸ್ಟಿನಲ್ಲಿ ಬೆಗಿನ್ ನಿವೃತ್ತಿ ಪ್ರಕಟಿಸಿದಾಗ, ಪತ್ನಿಯ ಸಾವಿನ ದುಃಖದ ಜತೆ, ಸತ್ತ ಸೈನಿಕರ ಸಂಖ್ಯೆಯನ್ನು ಬರೆದು ಮನೆಯೆದುರು ನಿಲ್ಲುತ್ತಿದ್ದ ಪ್ರತಿಭಟನಾಕಾರರೂ ಅವರ ಮನಸ್ಸನ್ನು ಕುಗ್ಗಿಸಿರಬಹುದು. ಅದನ್ನು ಅಲ್ಲಗಳೆಯಲಾರೆ. ಆದರೆ ಅದು ಒಬ್ಬ ಮನುಷ್ಯನ ಅಂತರಂಗಕ್ಕೆ ಸೇರಿದ ಮಾತು. ಅಧಿಕಾರ ಲಿಕುದ್‌ನ ಯಿಟ್ಜಾಕ್ ಶಮಿರ್ ಅವರಿಗೆ ಸಲೀಸಾಗಿ ದಾಟಿತು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಪಕ್ಷದೊಳಗಿನ ಲೆಕ್ಕಾಚಾರವೇ ಕೊನೆಗೆ ತೀರ್ಮಾನಿಸುವುದಾದರೆ ಬೀದಿಯ ಅಗತ್ಯವೇನು? ಬ್ರಿಟನ್ನಿನಲ್ಲಿ 1940ರ ಮೇ ತಿಂಗಳಲ್ಲಿ ನೆವಿಲ್ ಚೇಂಬರ್ಲೇನ್ ಅಧಿಕಾರ ಕಳೆದುಕೊಂಡದ್ದು ಮೆರವಣಿಗೆಗಳಿಂದಲ್ಲ, ನಾರ್ವೆ ಕಾರ್ಯಾಚರಣೆಯ ಮೇಲೆ ಸಂಸತ್ತಿನಲ್ಲಿ ನಡೆದ ಎರಡು ದಿನಗಳ ಚರ್ಚೆಯಿಂದ. 281–200ರಲ್ಲಿ ಗೆದ್ದರೂ, ಇನ್ನೂರಕ್ಕೂ ಮಿಕ್ಕಿದ್ದ ಅವರ ಬಹುಮತ 81ಕ್ಕೆ ಇಳಿದಿತ್ತು. ಈ ಉದಾಹರಣೆ ನನ್ನ ವಾದದ ಎರಡನೆಯ ಭಾಗವನ್ನು ಸಮರ್ಥಿಸುತ್ತದೆ. ಚರ್ಚಿಲ್ ಅಲ್ಲೇ, ಅದೇ ಪಕ್ಷದಲ್ಲಿದ್ದರು. ಮೊದಲ ಭಾಗವನ್ನು ಅದು ಅಲ್ಲಗಳೆಯುತ್ತದೆಯೇ? ಹಾಗನ್ನಿಸುವುದಿಲ್ಲ. ಆ ಚರ್ಚೆಯಲ್ಲಿ ಸರ್ ರೋಜರ್ ಕೀಸ್ ನೌಕಾಪಡೆಯ ಅಡ್ಮಿರಲ್ ಸಮವಸ್ತ್ರದಲ್ಲೇ ಬಂದು ಸರ್ಕಾರವನ್ನು ಟೀಕಿಸಿದರು, ವಿರುದ್ಧ ಮತ ಹಾಕಿದ ಸರ್ಕಾರದ ಕಡೆಯ ಸುಮಾರು 40 ಸದಸ್ಯರಲ್ಲಿ ಸೇನೆಯಲ್ಲಿ ಸೇವೆ ಸಲ್ಲಿಸುತ್ತಿದ್ದ ಯುವಕರಿದ್ದರು. ದೇಶನಿಷ್ಠೆಯನ್ನು ಪ್ರಶ್ನಿಸಲಾಗದವರ ದನಿ ಅಲ್ಲಿ ಸದನದೊಳಗೇ ಕುಳಿತಿತ್ತು. ಅಂಥ ದನಿ ಸದನದಲ್ಲಿ ಇಲ್ಲದಾಗ, ಅಥವಾ ಪಕ್ಷಶಿಸ್ತಿಗೆ ಕಟ್ಟುಬಿದ್ದು ಸುಮ್ಮನಿದ್ದಾಗ, ಆ ಕೆಲಸ ಬೀದಿಯ ಪಾಲಿಗೆ ಬರುತ್ತದೆ.

ಇತ್ತೀಚಿನ ವರ್ಷಗಳು ಈ ವಾದವನ್ನು ಕಠಿಣ ಪರೀಕ್ಷೆಗೆ ಒಡ್ಡುತ್ತವೆ. 2023ರ ಮಾರ್ಚ್ 26ರ ರಾತ್ರಿ ರಕ್ಷಣಾ ಸಚಿವ ಯೋವ್ ಗಲಾಂತ್ ಅವರನ್ನು ವಜಾ ಮಾಡುವುದಾಗಿ ಪ್ರಧಾನಿ ನೆತನ್ಯಾಹು ಪ್ರಕಟಿಸಿದೊಡನೆ ಜನ ಬೀದಿಗಿಳಿದರು, ಮರುದಿನ ಹಿಸ್ತದ್ರುತ್ ಕಾರ್ಮಿಕ ಒಕ್ಕೂಟದ ಮುಷ್ಕರದಿಂದ ವಿಮಾನ ನಿಲ್ದಾಣದ ನಿರ್ಗಮನಗಳೂ ನಿಂತವು, ಎರಡು ವಾರಗಳಲ್ಲಿ ಆ ವಜಾ ಹಿಂದೆ ಸರಿಯಿತು. 2024ರ ನವೆಂಬರ್ 5ರಂದು, ಗಾಜಾ ಯುದ್ಧ ನಡೆಯುತ್ತಿದ್ದಾಗ, ಅದೇ ಪ್ರಧಾನಿ ಅದೇ ಸಚಿವರನ್ನು ಮತ್ತೆ ವಜಾ ಮಾಡಿದರು. ಜನ ಮತ್ತೆ ಬೀದಿಗೆ ಬಂದರು, ಈ ಸಲ ವಜಾ ಉಳಿಯಿತು. ನಡುವೆ, ಸೆಪ್ಟೆಂಬರ್ ಕೊನೆಗೆ, ಗಿಡಿಯೊನ್ ಸಾರ್ ಅವರ ಗುಂಪು ಸೇರಿ ಕೂಟದ ಬಲ 64ರಿಂದ 68ಕ್ಕೆ ಏರಿತ್ತು. ಅದೇ ತಿಂಗಳ ಆರಂಭದಲ್ಲಿ, ರಫಾದ ಸುರಂಗವೊಂದರಲ್ಲಿ ಆರು ಒತ್ತೆಯಾಳುಗಳ ಶವ ಸಿಕ್ಕಿದಾಗ ಹೊಮ್ಮಿದ ಆಕ್ರೋಶ ದೊಡ್ಡದಿತ್ತು; ಅದರ ಬೆನ್ನಿಗೆ ನಡೆದ ಮುಷ್ಕರವನ್ನು ಕಾರ್ಮಿಕ ನ್ಯಾಯಾಲಯ ಅದು ಆರಂಭವಾದ ದಿನವೇ ನಿಲ್ಲಿಸಿತು, ಕೂಟದ ಒಂದು ಮತವೂ ಜಾರಲಿಲ್ಲ. ಇಲ್ಲಿ ಕಾನೂನಿನ ಪಾತ್ರವೂ ಇದೆ. 2014ರ ತಿದ್ದುಪಡಿಯ ನಂತರ ಅವಿಶ್ವಾಸ ಗೊತ್ತುವಳಿ ಗೆಲ್ಲಬೇಕಾದರೆ 61 ಸದಸ್ಯರು ಪರ್ಯಾಯ ಸರ್ಕಾರವನ್ನೂ ಹೆಸರಿಸಿ ಒಪ್ಪಬೇಕು. ಹೊರಗಿನ ಒತ್ತಡಕ್ಕೆ ಒಳಗಿನ ಬಾಗಿಲು ತೆರೆಯುವುದು ಇದರಿಂದ ಇನ್ನಷ್ಟು ಕಷ್ಟವಾಯಿತು. ಸೇನಾ ಗುಪ್ತಚರ ಮುಖ್ಯಸ್ಥರೂ ಸೇನಾ ಮುಖ್ಯಸ್ಥರೂ ಈ ಯುದ್ಧಕ್ಕೆ ನಾಂದಿಯಾದ 2023ರ ಅಕ್ಟೋಬರ್ 7ರ ದಾಳಿಯನ್ನು ತಡೆಯಲಾಗದ ಹೊಣೆ ಹೊತ್ತು ಹೊರನಡೆದರು. ಸ್ವತಂತ್ರ ಆಯೋಗದ ಬೇಡಿಕೆಯನ್ನು ಮಾತ್ರ, ಯುದ್ಧ ನಡೆಯುತ್ತಿರುವಾಗ ಅದು ಸಲ್ಲದೆಂಬ ಕಾರಣ ಕೊಟ್ಟು, ಪ್ರಧಾನಿ ತಳ್ಳಿಹಾಕುತ್ತ ಬಂದರು. 1973ರಲ್ಲಿ ಕದನ ವಿರಾಮವಾಗಿ ತಿಂಗಳು ತುಂಬುವುದರೊಳಗೆ ಆಯೋಗ ರಚನೆಯಾಗಿತ್ತು, ಯೋಧರು ಮನೆಗೆ ಮರಳುವ ವೇಳೆಗೆ ಅದು ಸಾಕ್ಷ್ಯ ಕೇಳುತ್ತಿತ್ತು. ಹೊಣೆ ನಿಗದಿಯಾಗುವ ಗಳಿಗೆಯನ್ನು ಮುಂದೂಡಬಲ್ಲ ನಾಯಕ ಪ್ರತಿಭಟನೆಯ ಮುಖ್ಯ ಆಧಾರವನ್ನೇ ತಪ್ಪಿಸಬಲ್ಲ.

ಕೊನೆಯದಾಗಿ, ಈ ಸಾಕ್ಷ್ಯದ ಒಂದು ಮಿತಿಯನ್ನು ಹೇಳಲೇಬೇಕು; ನನ್ನನ್ನು ಹೆಚ್ಚು ಕಾಡುವುದೂ ಅದೇ. 1974ರಲ್ಲೂ 2007ರಲ್ಲೂ ಬೀದಿ ಲೆಕ್ಕ ಕೇಳಿದ್ದು ತನ್ನವರ ಸಾವಿಗೆ. ಅನ್ಯರ ಸಾವು ಪ್ರತಿಭಟನೆಯ ನಡುಮಧ್ಯಕ್ಕೆ ಬಂದದ್ದು 1982ರಲ್ಲಿ. ಮೂರರಲ್ಲಿ ಅದೇ ಅತಿ ದೊಡ್ಡ ಜನಸಾಗರ. ಅದು ತನಿಖೆಯನ್ನು ಪಡೆಯಿತು, ಒಬ್ಬ ಸಚಿವರ ಖಾತೆಯನ್ನು ಕಸಿಯಿತು, ಪ್ರಧಾನಿಯ ಪಕ್ಷವನ್ನು ಮಾತ್ರ ಅಲುಗಿಸಲಿಲ್ಲ. ತಮ್ಮ ಮಕ್ಕಳನ್ನು ಕಳೆದುಕೊಂಡವರ ಮಾತಿಗೆ ಆಳುವ ಪಕ್ಷದ ಬೆಂಬಲಿಗನೂ ಕಿವಿಗೊಡುತ್ತಾನೆ. ಶತೀಲಾದ ತಾಯಂದಿರಿಗೆ ಕ್ನೆಸೆಟ್ ಚುನಾವಣೆಯಲ್ಲಿ ಮತವಿರಲಿಲ್ಲ, ಅವರ ಪರವಾಗಿ ದನಿಯೆತ್ತಿದವರನ್ನು ಎದುರು ಪಕ್ಷದವರೆಂದು ಬದಿಗೆ ಸರಿಸುವುದು ಸುಲಭವಾಗಿತ್ತು. ಯುದ್ಧಕಾಲದ ಉತ್ತರದಾಯಿತ್ವವನ್ನು ಅಳೆಯಲು ನಾಯಕ ಉಳಿದನೇ ಬಿದ್ದನೇ ಎಂಬುದನ್ನಷ್ಟೇ ಎಣಿಸುವ ಅಧ್ಯಯನಗಳು, ಆ ಬೀಳುವಿಕೆ ಯಾರ ಸಾವಿಗೆ ಸಂದ ಉತ್ತರ ಎಂಬುದನ್ನೂ ದಾಖಲಿಸಬೇಕಾಗಿದೆ.