ಬೆಲುಂ ಗುಹೆಯಲ್ಲಿ ಸಿಕ್ಕ ಕಪ್ಪತಗುಡ್ಡ

ಮೊನ್ನೆ ಮುಂಡರಗಿಯಿಂದ ಆಂಧ್ರದ ಬೆಲುಂ ಗುಹೆ ನೋಡಲು ಹೋಗಿದ್ದೆವು. ನೆಲದಡಿ 3,229 ಮೀಟರ್ ಸುಣ್ಣಕಲ್ಲಿನ ಗವಿ! ಪ್ರವಾಸಿಗರಿಗೆ ಬಿಟ್ಟಿರುವುದು ಸುಮಾರು ಒಂದೂವರೆ ಕಿಲೋಮೀಟರ್ ಮಾತ್ರ. ಬೆವರುತ್ತಾ ಪಾತಾಳಗಂಗೆವರೆಗೂ ಇಳಿದೆವು.

1884ರಲ್ಲಿ ಈ ಗುಹೆಯನ್ನು ದಾಖಲಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಎಂದು ತಿಳಿದಾಗ ಬೆರಗಾಯಿತು. ಅರೆ, ಡಂಬಳದ ಗುಡ್ಡಗಳ, ಅಂದರೆ ನಮ್ಮ ಕಪ್ಪತಗುಡ್ಡದ ಚಿನ್ನದ ಬಗ್ಗೆ 1874ರಲ್ಲಿ ಬರೆದವರೂ ಇವರೇ! ಸೊರಟೂರಿನ ಹಳ್ಳದ ಮರಳು ತೊಳೆದು ಚಿನ್ನ ಹೆಕ್ಕುತ್ತಿದ್ದ ಜಾಲಗಾರರ ಕಾಲ ಅದು.

ಒಂದು ಕಾಲಕ್ಕೆ ಊರಿನ ತಿಪ್ಪೆಯಾಗಿದ್ದ ಬೆಲುಂ 2002ರಲ್ಲಿ ಪ್ರವಾಸಿಗರಿಗೆ ತೆರೆಯಿತು. ಕಪ್ಪತಗುಡ್ಡ ವನ್ಯಜೀವಿಧಾಮವಾಗಲು ಜನ ಹೋರಾಡಿ 2019ರವರೆಗೆ ಕಾಯಬೇಕಾಯಿತು.

ಅಲ್ಲಿ ಟಿಕೆಟ್ ಕೊಟ್ಟು ಪಾತಾಳಕ್ಕಿಳಿದ ನಾನು, ನಮ್ಮ ಗುಡ್ಡವನ್ನು ಮಾತ್ರ ಬಸ್ಸಿನ ಕಿಟಕಿಯಿಂದಷ್ಟೇ ನೋಡಿದವನು. ನಾಚಿಕೆಯಾಯಿತು. ಮುಂದಿನ ಭಾನುವಾರ ಹತ್ತುತ್ತೇನೆ. ನೀವೂ ಬರ್ತೀರಾ?