ಮೇ ತಿಂಗಳ ಮಳೆ ಮತ್ತು ಅಮೆರಿಕದ ದನದ ರ‍್ಯಾಂಚ್‌ಗಳು

ಟೆಕ್ಸಾಸ್‌ನಿಂದ ಮೊಂಟಾನಾದವರೆಗೆ ಹಬ್ಬಿರುವ ಅಮೆರಿಕದ ಮಹಾಬಯಲಿನ ಪಶ್ಚಿಮ ಭಾಗದಲ್ಲಿ ವರ್ಷವಿಡೀ ಬೀಳುವ ಮಳೆ, ಹಿಮ ಎಲ್ಲ ಸೇರಿದರೂ 20 ಅಂಗುಲ ದಾಟುವುದು ಅಪರೂಪ. ನೀರಾವರಿ ಇಲ್ಲದೆ ಬೆಳೆಯನ್ನು ನೆಚ್ಚುವಂತಿಲ್ಲ. ಹುಲ್ಲು ಮಾತ್ರ ಬೆಳೆಯುತ್ತದೆ. ಹುಲ್ಲನ್ನು ದನ ಮೇಯುತ್ತದೆ, ದನ ಮಾರಿ ಜನ ಬದುಕುತ್ತಾರೆ. ನೂರಾರು, ಸಾವಿರಾರು ಎಕರೆಯ ಈ ದನದ ಹಿಡುವಳಿಗಳೇ ರ‍್ಯಾಂಚ್‌ಗಳು. ಇವುಗಳ ಒಂದೂವರೆ ಶತಮಾನದ ಚರಿತ್ರೆಯಲ್ಲಿ ಬರ ಹೊಸದೇನಲ್ಲ, ಆದರೆ ಎಲ್ಲ ಬರವೂ ಒಂದೇ ತೂಕದ್ದಲ್ಲ. ಆಗಸ್ಟಿನಲ್ಲಿ ಮಳೆ ಕೈಕೊಟ್ಟರೆ ಹೇಗೋ ಸಂಭಾಳಿಸಬಹುದು. ಏಪ್ರಿಲ್, ಮೇ, ಜೂನ್ ಒಣಗಿದರೆ ಆ ವರ್ಷದ ಹಣೆಬರಹ ಜುಲೈ ಹೊತ್ತಿಗೇ ತೀರ್ಮಾನವಾಗಿಬಿಟ್ಟಿರುತ್ತದೆ.

ಕಾರಣ ಹುಲ್ಲಿನ ಜಾತಿಯಲ್ಲಿದೆ. ಮೊಂಟಾನಾ, ವಯೋಮಿಂಗ್, ಡಕೋಟಾಗಳ ಬಯಲಿನಲ್ಲಿ ವೆಸ್ಟರ್ನ್ ವೀಟ್‌ಗ್ರಾಸ್‌ನಂಥ ತಂಪುಕಾಲದ ಹುಲ್ಲುಗಳೇ ಹೆಚ್ಚು. ಹಿಮ ಕರಗಿದ ತೇವದಲ್ಲಿ ಚಿಗುರಿ, ಮೇ–ಜೂನ್ ಮಳೆಯಲ್ಲಿ ಎದ್ದು ನಿಂತು, ಬಿಸಿಲೇರುವಷ್ಟರಲ್ಲಿ ತೆನೆಗೆ ಬರುವುದು ಇವುಗಳ ಸ್ವಭಾವ. ಜುಲೈ ಆರಂಭಕ್ಕೆ ವರ್ಷದ ಮೇವಿನ ಬಹುಪಾಲು ಬೆಳೆದು ಮುಗಿದಿರುತ್ತದೆ. ಆಮೇಲೆ ಎಷ್ಟೇ ಮಳೆ ಸುರಿದರೂ ನೆಲ ಹಸಿರಾಗಿ ಕಂಡೀತೇ ಹೊರತು ಮೇವಾಗದು. ದಕ್ಷಿಣಕ್ಕೆ ಹೋದಂತೆ ಬಫೆಲೊ ಹುಲ್ಲು, ಬ್ಲೂ ಗ್ರಾಮಾಗಳಂಥ ಬೇಸಿಗೆ ಹುಲ್ಲುಗಳು ಹೆಚ್ಚುತ್ತವೆ. ಅಲ್ಲಿ ತಡವಾದ ಮಳೆಯೂ ಸ್ವಲ್ಪ ಕೈಹಿಡಿಯುತ್ತದೆ.

ದನದ ವರ್ಷವೂ ಇದೇ ಪಂಚಾಂಗಕ್ಕೆ ಹೊಂದಿಕೊಂಡಿದೆ. ಚಳಿಗಾಲದ ಕೊನೆಗೆ, ವಸಂತದ ಮೊದಲಿಗೆ ಹಸುಗಳು ಈಯುತ್ತವೆ. ಮೇ ತಿಂಗಳಲ್ಲಿ ತಾಯಿ–ಕರುಗಳನ್ನು ಹುಲ್ಲುಗಾವಲಿಗೆ ಬಿಡುತ್ತಾರೆ, ಅಕ್ಟೋಬರ್ ಸುಮಾರಿಗೆ ಕರು ಬಿಡಿಸಿ ಮಾರುತ್ತಾರೆ. ಸಾವಿರ ಪೌಂಡಿನ ಒಂದು ಹಸುವಿಗೆ ದಿನಕ್ಕೆ ಸುಮಾರು 12 ಕಿಲೋ ಒಣಮೇವು ಬೇಕೆಂಬುದು ರೂಢಿಯ ಲೆಕ್ಕ. ಕರುವಿಗೆ ಹಾಲೂಡುವ, ಮತ್ತೆ ಗಬ್ಬ ಕಟ್ಟಬೇಕಾದ ವಸಂತದಲ್ಲೇ ಅದರ ಹಸಿವು ಹೆಚ್ಚು. ಹೋದ ವರ್ಷದ ಬಣವೆ ಕರಗಿ, ಹೊಸ ಹುಲ್ಲು ಇನ್ನೂ ಏಳದ ಹೊತ್ತು ಅದು. ಆಗ ಸೊರಗಿದ ಹಸು ಗಬ್ಬ ಕಟ್ಟದೆ ಗೊಡ್ಡು ಬಿದ್ದರೆ ಒಂದು ವರ್ಷದ ಬರ ಎರಡನೆಯ ವರ್ಷದ ಆದಾಯವನ್ನೂ ನುಂಗುತ್ತದೆ. ನೀರಿನದೂ ಇದೇ ಕತೆ. ಹಿಮ ಕರಗಿ ತುಂಬಬೇಕಾದ ಹೊಂಡಗಳು ತುಂಬದಿದ್ದರೆ, ಉಳಿದ ನೀರಿನಲ್ಲಿ ಲವಣ ಗಟ್ಟಿಯಾಗುತ್ತ ಹೋಗಿ ಕುಡಿದ ದನವೇ ಸಾಯುವುದುಂಟು. ಬಾಡಿದ ಎಳೆ ಜೋಳದ ಪೈರು ಮೇದ ದನ ವಿಷವೇರಿ ಬೀಳುವುದು ಕರ್ನಾಟಕದ ರೈತರಿಗೂ ಗೊತ್ತಿರುವ ಸಂಗತಿ. ಬರಗಾಲದಲ್ಲಿ ಅಲ್ಲಿಯೂ ಅದೇ ಭಯ.

1860ರ ದಶಕದ ಅಂತರ್ಯುದ್ಧ ಮುಗಿದ ಮೇಲೆ ಟೆಕ್ಸಾಸ್‌ನ ಉದ್ದಕೊಂಬಿನ ದನಗಳನ್ನು ಉತ್ತರದ ರೈಲುನಿಲ್ದಾಣಗಳಿಗೆ ನಡೆಸಿಕೊಂಡು ಹೋಗುವ ವ್ಯಾಪಾರ ಶುರುವಾಯಿತು. 1867ರಲ್ಲಿ ಕ್ಯಾನ್ಸಸ್‌ನ ಆಬಿಲೀನ್ ಅದರ ಮೊದಲ ದೊಡ್ಡ ಸಂತೆಯಾಯಿತು. ಕಾಡೆಮ್ಮೆಗಳನ್ನು ಕೊಂದು, ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿ ತೆರವಾದ ಬಯಲಿಗೆ ಬೇಲಿಯಿರಲಿಲ್ಲ, ಬಾಡಿಗೆಯೂ ಇರಲಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಹಣವಂತರು ನೆಲ ನೋಡದೆಯೇ ಕಂಪನಿ ಕಟ್ಟಿ ಹಣ ಸುರಿದರು. ಮೇವು ಕೂಡಿಡುವ ಗೋಜಿಗೆ ಯಾರೂ ಹೋಗಲಿಲ್ಲ.

1886ರ ಬೇಸಿಗೆ ಒಣಗಿತು. ಕಿಕ್ಕಿರಿದ ಬಯಲಿನಲ್ಲಿ ಇದ್ದ ಹುಲ್ಲೂ ಬುಡಮಟ್ಟ ಸವೆಯಿತು. ಬೆಲೆ ಕುಸಿದಿತ್ತಾದ್ದರಿಂದ ಮಾಲೀಕರು ದನ ಮಾರದೆ ಮುಂದಿನ ವರ್ಷಕ್ಕೆಂದು ಉಳಿಸಿಕೊಂಡರು. ಎಲುಬು ಕಾಣುತ್ತಿದ್ದ ಆ ಮಂದೆಗಳ ಮೇಲೆ 1886–87ರ ಚಳಿಗಾಲ ಎರಗಿತು. ಹಿಮದ ಮೇಲೆ ಮಂಜುಗಡ್ಡೆಯ ಪದರ ಕಟ್ಟಿ, ಕಾಲಿನಿಂದ ಕೆದರಿದರೂ ಹುಲ್ಲು ಸಿಗದೆ, ಲಕ್ಷಾಂತರ ದನ ಸತ್ತವು. ಮೊಂಟಾನಾದ ಒಂದು ರ‍್ಯಾಂಚ್‌ನಲ್ಲಿ ಕೆಲಸಕ್ಕಿದ್ದ ಚಾರ್ಲ್ಸ್ ರಸೆಲ್, ದನ ಹೇಗಿವೆ ಎಂದು ಮಾಲೀಕ ಕೇಳಿದ್ದಕ್ಕೆ ಉತ್ತರವಾಗಿ ಚಿಕ್ಕ ಕಾಗದದ ಮೇಲೆ ಒಂದು ಚಿತ್ರ ಬರೆದ: ಹಿಮದಲ್ಲಿ ತಲೆ ತಗ್ಗಿಸಿ ನಿಂತ ಎಲುಬಿನ ಗೂಡಿನಂಥ ಒಂದು ದನ, ಅದು ಬೀಳುವುದನ್ನೇ ಕಾಯುತ್ತಿರುವ ತೋಳಗಳು. ಮುಂದೆ ಆತ ಹೆಸರಾಂತ ಕಲಾವಿದನಾದ. ದೊಡ್ಡ ಬಂಡವಾಳದ ಸ್ವಾನ್ ಕಂಪನಿ 1887ರಲ್ಲಿ ದಿವಾಳಿಯೆದ್ದಿತು. ಡಕೋಟಾದಲ್ಲಿ ದನ ಸಾಕಿದ್ದ, ಮುಂದೆ ಅಧ್ಯಕ್ಷನಾದ ಥಿಯೋಡೋರ್ ರೂಸ್‌ವೆಲ್ಟ್ ಮಂದೆಯ ಬಹುಭಾಗ ಕಳೆದುಕೊಂಡ. ಈ ದುರಂತಕ್ಕೆ ಚಳಿಯನ್ನೇ ದೂರುವುದು ವಾಡಿಕೆ. ಬೇಸಿಗೆಯಲ್ಲೇ ಅರ್ಧ ಹಿಂಡು ಮಾರಿದ್ದರೆ ಉಳಿದ ಅರ್ಧಕ್ಕೆ ಚಳಿ ತಡೆಯುವ ಮೈಯಾದರೂ ಇರುತ್ತಿತ್ತು ಎಂಬುದು ನ್ಯಾಯವಾದ ಮಾತು.

ಅಲ್ಲಿಂದ ಮುಂದೆ ಮುಳ್ಳುತಂತಿ ಬೇಲಿ, ಒಣಹುಲ್ಲಿನ ಬಣವೆ, ಗಾಳಿಯಂತ್ರದಿಂದ ಎತ್ತುವ ಬಾವಿನೀರು ರ‍್ಯಾಂಚ್‌ನ ಅಂಗವಾದವು. ಆದರೆ ಜಮೀನಿನ ಕಾನೂನು ಬರವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. 1862ರ ಹೋಮ್‌ಸ್ಟೆಡ್ ಕಾಯಿದೆ ಒಂದು ಕುಟುಂಬಕ್ಕೆ ಕೊಟ್ಟದ್ದು 160 ಎಕರೆ. ಒಣಭೂಮಿಯಲ್ಲಿ ದನ ಸಾಕಿ ಬದುಕಲು 2,560 ಎಕರೆ ಬೇಕೆಂದು ಭೂವಿಜ್ಞಾನಿ ಜಾನ್ ವೆಸ್ಲಿ ಪವೆಲ್ 1878ರಲ್ಲೇ ವರದಿ ಕೊಟ್ಟಿದ್ದ. ಅದನ್ನು ಕಪಾಟಿಗೆ ಸೇರಿಸಿದರು. 1916ರಲ್ಲಿ ದನ ಸಾಕಣೆಗೆಂದೇ ಹೊಸ ಕಾಯಿದೆ ಬಂದಾಗಲೂ ಸಿಕ್ಕಿದ್ದು 640 ಎಕರೆ. ಇಷ್ಟರಲ್ಲಿ ಹೊಟ್ಟೆ ಹೊರೆಯಲು ಹೋದವನು ಹುಲ್ಲನ್ನು ಬುಡಸಹಿತ ಮೇಯಿಸದೆ ಬೇರೆ ದಾರಿಯಿರಲಿಲ್ಲ.

ಇದರ ಫಲ 1934ರಲ್ಲಿ ಕಾಣಿಸಿತು. ಆ ವರ್ಷದ ವಸಂತ ಬಯಲಿನುದ್ದಕ್ಕೂ ಒಣಗಿತು. ಮೇ ಎರಡನೆಯ ವಾರದಲ್ಲಿ ಎದ್ದ ಧೂಳು ನ್ಯೂಯಾರ್ಕ್ ದಾಟಿ ಅಟ್ಲಾಂಟಿಕ್‌ನ ಹಡಗುಗಳ ಮೇಲೆ ಬಿತ್ತು. ಆರ್ಥಿಕ ಮುಗ್ಗಟ್ಟಿನಿಂದ ದನದ ಬೆಲೆ 1929ರ ಅರ್ಧಕ್ಕೂ ಕೆಳಗಿತ್ತು. ಕೊಂಡು ಹಾಕಲು ಮೇವಿಲ್ಲ, ಮಾರಿದರೆ ರೈಲಿನ ಬಾಡಿಗೆಯೂ ಗಿಟ್ಟದು. ಹಿಂದಿನ ವರ್ಷ ಸರ್ಕಾರದ ಕೃಷಿ ನೆರವಿನ ಕಾಯಿದೆಯಲ್ಲಿ ದನವನ್ನು ಸೇರಿಸುವುದೇ ಬೇಡವೆಂದು ಪಟ್ಟು ಹಿಡಿದಿದ್ದವರು ರ‍್ಯಾಂಚ್ ಮಾಲೀಕರೇ. ಸರ್ಕಾರದ ಹಂಗು ಬೇಡವೆಂಬ ಬಿಂಕ ಒಂದು ವರ್ಷವೂ ಬಾಳಲಿಲ್ಲ. 1934ರ ಏಪ್ರಿಲ್‌ನಲ್ಲಿ ದನವೂ ಕಾಯಿದೆಯೊಳಗೆ ಬಂತು. ಜೂನ್‌ನಲ್ಲಿ ಸಂಸತ್ತು ಬರ ಪರಿಹಾರಕ್ಕೆ 52 ಕೋಟಿ 50 ಲಕ್ಷ ಡಾಲರ್ ಮಂಜೂರು ಮಾಡಿತು, ಸರ್ಕಾರ ತಾನೇ ದನ ಕೊಳ್ಳಲು ನಿಂತಿತು.

ಖರೀದಿಯ ಕ್ರಮ ಹೀಗಿತ್ತು. ಗೊತ್ತಾದ ದಿನ ರೈತರು ದನಗಳನ್ನು ರೈಲುನಿಲ್ದಾಣದ ದೊಡ್ಡಿಗೆ ಹೊಡೆದುಕೊಂಡು ಬರುತ್ತಿದ್ದರು. ಅಧಿಕಾರಿ ಬೆಲೆ ಕಟ್ಟುತ್ತಿದ್ದ, ಪಶುವೈದ್ಯ ಮೈ ಪರೀಕ್ಷಿಸುತ್ತಿದ್ದ. ಎರಡು ವರ್ಷ ದಾಟಿದ ದನಕ್ಕೆ 12ರಿಂದ 20 ಡಾಲರ್, ವರ್ಷದ ಹೋರಿ–ಕಡಸುಗಳಿಗೆ 10ರಿಂದ 15, ಕರುವಿಗೆ 4ರಿಂದ 8. ಈ ಹಣದಲ್ಲಿ ಎರಡು ಪಾಲು: ಒಂದು ದನದ ಬೆಲೆ, ಇನ್ನೊಂದು ಮಾಲೀಕನಿಗೆ ನೆರವು. ಬಹುತೇಕ ಮಂದೆಗಳು ಬ್ಯಾಂಕಿಗೆ ಅಡವಿದ್ದುದರಿಂದ ಬೆಲೆಯ ಪಾಲು ಸಾಲಗಾರನ ಕೈದಾಟಿ ಸಾಲ ಕೊಟ್ಟವನಿಗೆ ಹೋಗುವ ಸಂಭವವಿತ್ತು. ನೆರವಿನ ಪಾಲನ್ನು ಯಾರೂ ಮುಟ್ಟುವಂತಿರಲಿಲ್ಲ. ಆ ಬೇಸಿಗೆ ಎಷ್ಟೋ ಮನೆಗಳಿಗೆ ದಿನಸಿ ಬಂದದ್ದು ಅದರಿಂದ. ನಡೆಯಲಾರದಷ್ಟು ಸೊರಗಿದ ದನಗಳನ್ನು ಅಲ್ಲೇ ಹಳ್ಳದ ಅಂಚಿಗೆ ಒಯ್ದು ಗುಂಡು ಹಾರಿಸಿ ಹೂಳುತ್ತಿದ್ದರು. ಬರ ಬಿಗಿಯಾಗಿದ್ದ ಕಡೆ ಶುರುವಿನಲ್ಲಿ ಬಂದ ದನಗಳಲ್ಲಿ ಅರ್ಧದಷ್ಟು ಹೀಗೆ ಹೋದವು. ಉಳಿದವುಗಳ ಮಾಂಸವನ್ನು ಡಬ್ಬಿಗೆ ತುಂಬಿ ಕೆಲಸವಿಲ್ಲದ ಕುಟುಂಬಗಳಿಗೆ ಹಂಚಿದರು. 1933ರಲ್ಲಿ ಬೆಲೆ ಏರಿಸಲೆಂದು ಲಕ್ಷಗಟ್ಟಲೆ ಹಂದಿಮರಿಗಳನ್ನು ಕೊಂದು ಸರ್ಕಾರ ಜನರ ಬೈಗುಳ ತಿಂದಿತ್ತು. ಆ ಪಾಠ ಇಲ್ಲಿ ಕೆಲಸಕ್ಕೆ ಬಂತು. 1935ರ ಆರಂಭದವರೆಗೆ ಕೊಂಡ ದನ ಸುಮಾರು 83 ಲಕ್ಷ, ಅತಿ ಹೆಚ್ಚು ಟೆಕ್ಸಾಸ್‌ನಿಂದ. 1934ರ ಜೂನ್‌ನಲ್ಲೇ ಬಂದ ಟೇಲರ್ ಮೇವಿನ ಕಾಯಿದೆ ಸರ್ಕಾರಿ ಬಯಲಿನಲ್ಲಿ ಮೇಯಿಸಲು ಪರವಾನಗಿ, ಶುಲ್ಕ, ದನದ ಮಿತಿ ಗೊತ್ತುಮಾಡಿತು. ಬೇಲಿಯಿಲ್ಲದ ಬಯಲಿನ ಕಾಲ ಅಲ್ಲಿಗೆ ಕಾನೂನಿನಲ್ಲೂ ಮುಗಿಯಿತು.

ದನ ಉಳಿಸಿಕೊಂಡವರು ಸಿಕ್ಕಿದ್ದನ್ನೆಲ್ಲ ಮೇವು ಮಾಡಿದರು. ರಷ್ಯನ್ ಥಿಸಲ್ ಎಂಬ ಮುಳ್ಳುಕಳೆ 1870ರ ದಶಕದಲ್ಲಿ ಅಗಸೆ ಬೀಜದ ಜೊತೆ ಡಕೋಟಾಕ್ಕೆ ಬಂದಿತ್ತು. ಹೊಲ ಹಾಳುಮಾಡುತ್ತದೆಂದು ಎಲ್ಲರೂ ಶಪಿಸುತ್ತಿದ್ದ ಅದನ್ನೇ ಎಳೆಯದಾಗಿದ್ದಾಗ ಕೊಯ್ದು, ಉಪ್ಪು ಬೆರೆಸಿ ಬಣವೆ ಹಾಕಿದರು. ದನಕ್ಕೆ ಭೇದಿಯಾಗುತ್ತಿತ್ತು, ಜೀವ ಮಾತ್ರ ಉಳಿಯುತ್ತಿತ್ತು. ದಕ್ಷಿಣ ಟೆಕ್ಸಾಸ್‌ನಲ್ಲಿ ಆ ಜಾಗ ಪಾಪಾಸುಕಳ್ಳಿಯದು. ಬೆಂಕಿ ಉಗುಳುವ ಕೊಳವೆ ಹಿಡಿದು ಮುಳ್ಳು ಸುಡುತ್ತ ಒಬ್ಬ ಮುಂದೆ ನಡೆದರೆ, ಕೊಳವೆಯ ಸದ್ದು ಕೇಳಿಯೇ ದನಗಳು ಹಿಂದೆ ಓಡಿಬರುತ್ತಿದ್ದವು. ಕಳ್ಳಿಯಲ್ಲಿ ನೀರೇ ಹೆಚ್ಚು, ಕಸುವು ಕಡಿಮೆ. ಅದಕ್ಕಾಗಿ ಜೊತೆಗೆ ಹತ್ತಿಬೀಜದ ಹಿಂಡಿ ಹಾಕಬೇಕಿತ್ತು. 1950ರಿಂದ 1957ರವರೆಗೆ ಟೆಕ್ಸಾಸನ್ನು ಹಿಂಡಿದ ಬರದಲ್ಲಿ ಅನೇಕ ಮಂದೆಗಳನ್ನು ಕಾದದ್ದು ಈ ಕಳ್ಳಿಯೇ. ಆ ರಾಜ್ಯದ 254 ಕೌಂಟಿಗಳಲ್ಲಿ 244 ಬರಪೀಡಿತವೆಂದು ಘೋಷಣೆಯಾಗಿದ್ದವು. ಸ್ಯಾನ್ ಆಂಜೆಲೊದ ಪತ್ರಕರ್ತ ಎಲ್ಮರ್ ಕೆಲ್ಟನ್ 1973ರಲ್ಲಿ ಪ್ರಕಟಿಸಿದ ಕಾದಂಬರಿಯ ವಸ್ತು ಇದೇ ಬರ, ಸರ್ಕಾರದ ನೆರವು ಬೇಡವೆಂದ ಒಬ್ಬ ಹಟಮಾರಿ ಮಾಲೀಕನ ಕತೆ.

ಬಿಸಿಲು ತಾಳುವ ತಳಿ ಹುಡುಕುತ್ತ ಹೊರಟವರು ಭಾರತಕ್ಕೂ ಬಂದರು. ಭುಜದ ಮೇಲೆ ಡುಬ್ಬ, ಜೋಲು ಗಂಗೆದೊಗಲು ಇರುವ ಅಮೆರಿಕನ್ ಬ್ರಾಹ್ಮನ್ ತಳಿಯ ಮೂಲದಲ್ಲಿ ಕಾಂಕ್ರೇಜ್, ಓಂಗೋಲ್, ಗೀರ್‌ಗಳ ಜೊತೆ ಕೃಷ್ಣಾ ಕಣಿವೆ ತಳಿಯ ರಕ್ತವೂ ಇದೆ. ಘಟಪ್ರಭೆ, ಮಲಪ್ರಭೆಗಳ ಎರೆನೆಲದ ಎತ್ತಿನ ವಂಶ ಹೀಗೆ ಟೆಕ್ಸಾಸ್ ತಲುಪಿತು. ಇಂದು ತವರಿನಲ್ಲೇ ಆ ತಳಿ ಅಪರೂಪವಾಗಿದೆ ಎಂಬುದು ಬೇರೆ ಮಾತು.

ಬರದ ವರ್ಷಗಳು ಹುಲ್ಲಿನ ಶಾಸ್ತ್ರವನ್ನೂ ಬೆಳೆಸಿದವು. ನೆಬ್ರಾಸ್ಕಾದ ಜಾನ್ ವೀವರ್ 1930ರ ದಶಕದಲ್ಲಿ ನೆಲ ಅಗೆದು ಬೇರುಗಳನ್ನು ಅಳೆದು, ಅತಿಯಾಗಿ ಮೇಯಿಸಿದ ಹುಲ್ಲಿನ ಬೇರು ಆಳಕ್ಕಿಳಿಯದೆ ಬರಕ್ಕೆ ಮೊದಲು ಬಲಿಯಾಗುವುದನ್ನು ತೋರಿಸಿದ. ಅರ್ಧ ಮೇಯಿಸು, ಅರ್ಧ ಬಿಡು ಎಂಬ ಸೂತ್ರ ಆಮೇಲೆ ರ‍್ಯಾಂಚ್‌ಗಳಲ್ಲಿ ಮನೆಮಾತಾಯಿತು. ಇದಕ್ಕಿಂತ ದೊಡ್ಡ ಬದಲಾವಣೆ ತೀರ್ಮಾನದ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳುವ ಪದ್ಧತಿ. ಮೇ ಕೊನೆಗೆ, ಜೂನ್ ನಡುವಿಗೆ ಇಷ್ಟು ಮಳೆಯಾಗದಿದ್ದರೆ ಇಷ್ಟು ದನ ಮಾರುವುದೆಂದು ಬರೆದಿಟ್ಟುಕೊಂಡವನು ಮೋಡ ನೋಡುತ್ತ ಕೂರುವುದಿಲ್ಲ. ಮೊದಲು ಹೋಗುವುದು ವರ್ಷದ ಹೋರಿಗಳು. ಆಮೇಲೆ ಕರುಗಳನ್ನು ಬೇಗ ಬಿಡಿಸಿ ತಾಯಿಯ ಭಾರ ಇಳಿಸುತ್ತಾರೆ, ಮುದಿ ಮತ್ತು ಗೊಡ್ಡು ಹಸುಗಳನ್ನು ಸಂತೆಗೆ ಕಳಿಸುತ್ತಾರೆ. ತಲೆಮಾರುಗಳಿಂದ ಆರಿಸಿ ಬೆಳೆಸಿದ ಮೂಲ ಹಸುಗಳಿಗೆ ಕೈ ಹಾಕುವುದು ಕಟ್ಟಕಡೆಗೆ. ನೆರೆಹೊರೆಯವರೆಲ್ಲ ಮಾರಲು ಹೊರಡುವ ಮುಂಚೆ ಮಾರಿದವನಿಗೆ ಬೆಲೆಯೂ ಸಿಗುತ್ತದೆ. ಸುತ್ತಲಿನ ನೂರು ಮೈಲಿಯಲ್ಲಿ ಬರವಿದ್ದರೆ ಆಗಸ್ಟಿನ ಸಂತೆಯಲ್ಲಿ ಕೊಳ್ಳುವವರು ಇರುವುದಿಲ್ಲ.

2017 ಈ ಪದ್ಧತಿಯನ್ನು ಒರೆಗೆ ಹಚ್ಚಿತು. ವಸಂತದ ಆರಂಭದಲ್ಲಿ ಮೊಂಟಾನಾದಲ್ಲಿ ಬರದ ಸುಳಿವೇ ಇರಲಿಲ್ಲ. ಮೇ–ಜೂನ್ ಮಳೆ ತಪ್ಪಿ, ಬಿಸಿಗಾಳಿ ಬೀಸಿ, ಜುಲೈ ಹೊತ್ತಿಗೆ ಅದರ ಪೂರ್ವಭಾಗದ ಮತ್ತು ಉತ್ತರ ಡಕೋಟಾದ ಪಶ್ಚಿಮಭಾಗದ ಹಲವು ಪ್ರದೇಶಗಳು ಅತ್ಯಂತ ಕಡು ಬರದ ಪಟ್ಟಿಗೆ ಸೇರಿದ್ದವು. ಅದೇ ತಿಂಗಳು ಗಾರ್ಫೀಲ್ಡ್ ಕೌಂಟಿಯ ಸುತ್ತ ಕಾಳ್ಗಿಚ್ಚು ಸುಮಾರು 2 ಲಕ್ಷ 70 ಸಾವಿರ ಎಕರೆಯನ್ನು, ಮೈಲಿಗಟ್ಟಲೆ ಬೇಲಿಯನ್ನು ಸುಟ್ಟಿತು. ಬೇರೆ ರಾಜ್ಯಗಳ ರೈತರು ಲಾರಿಗಳಲ್ಲಿ ಒಣಹುಲ್ಲು ಕಳಿಸಿದರು. ಈಗ ಪರಿಹಾರ ನಿರ್ಧಾರವಾಗುವುದು ನಕ್ಷೆಯ ಮೇಲೆ. 1999ರಿಂದ ವಾರಕ್ಕೊಮ್ಮೆ ಹೊರಬರುವ ಬರ ನಕ್ಷೆಯಲ್ಲಿ ಕೌಂಟಿಯ ಬಣ್ಣ ಎಷ್ಟು ಗಾಢವಾಗಿದೆ, ಎಷ್ಟು ವಾರ ಹಾಗೇ ಉಳಿದಿದೆ ಎಂಬುದರ ಮೇಲೆ ಮೇವಿನ ನಷ್ಟದ ಹಣ ಬರುತ್ತದೆ. ಹಾಗಾಗಿ ನಕ್ಷೆಯ ಗೆರೆ ಎಲ್ಲಿ ಎಳೆದರೆಂಬುದೇ ಜಗಳದ ವಿಷಯವಾಗಿದೆ. ಮಾರಿದ ಹಿಂಡನ್ನು ಮತ್ತೆ ಕಟ್ಟುವ ಕಾಲವನ್ನು ಯಾವ ಪರಿಹಾರವೂ ಮೊಟಕು ಮಾಡದು. ಇಂದು ಉಳಿಸಿಕೊಂಡ ಹೆಣ್ಣುಕರು ಈಯಲು ಎರಡು ವರ್ಷ, ಅದರ ಕರು ಸಂತೆಗೆ ಹೋಗಲು ಮತ್ತೆ ಅರ್ಧ ವರ್ಷ ಬೇಕು. 2020ರಿಂದ ಬೆನ್ನುಬೆನ್ನಿಗೆ ಬಂದ ಬರಗಳ ನಂತರ, 2025ರ ಜನವರಿ 1ರ ಗಣತಿಯಲ್ಲಿ ಅಮೆರಿಕದ ದನಗಳ ಸಂಖ್ಯೆ 8 ಕೋಟಿ 67 ಲಕ್ಷ; 1951ರ ನಂತರ ಅಲ್ಲಿಯವರೆಗೆ ಇಷ್ಟು ಕಡಿಮೆ ಆಗಿರಲಿಲ್ಲ.